ಕಂಪನಿ ಹೋತು, ಕಾರು ಉಳೀತು

ಬಹಳ ದಿನ ಆಯ್ತು ಏನೂ ಬರೆದಿರಲಿಲ್ಲ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ತಲೆಯಲ್ಲಿ ಒಂದೇ ಒಂದು ವಸ್ತು ಕೂತುಬಿಟ್ಟಿತ್ತು. ಅದೂ ಏನು ಅಂತೀರಿ? ಒಂದು ಆಯಿಲ್ ಫಿಲ್ಟರ್! ನಗಬೇಡಿ. ಅಂಗೈಯಲ್ಲಿ ಹಿಡಿಸುವ ಡಬ್ಬಿ ಅದು. ಅದಕ್ಕಾಗಿ ನಾನು ಎರಡು ವಾರ ಕಲಬುರಗಿ ಸುತ್ತಿದ್ದೀನಿ, ಒಬ್ಬ ಒಳ್ಳೆ ಮನುಷ್ಯನಿಗೆ ಮನಸ್ಸಿನಲ್ಲೇ ಬೈದಿದ್ದೀನಿ, ಆಮೇಲೆ ಹೋಗಿ ಕ್ಷಮೆ ಕೇಳಿದ್ದೀನಿ. ಹಾಗಾಗಿ ಇವತ್ತು ಅದನ್ನೇ ಬರೀತೀನಿ.

ನಮ್ಮ ಮನೇಲಿ ಒಂದು ಕಾರಿದೆ. ಡೇವೂ ಮ್ಯಾಟಿಜ್, 2001ರದ್ದು, ಕೆಎ-32 ನಂಬರು. ಈಗಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ. ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ "ಇದು ಚೀನಾ ಗಾಡಿ ಏನ್ ಅಣ್ಣಾ?" ಅಂದ. ಅಲ್ಲಪ್ಪಾ, ಕೊರಿಯಾದ್ದು. ರೂಪ ಇಟಲಿಯ ಜುಜಾರೊ ಅವರ ಸಂಸ್ಥೆಯದ್ದು. ಭಾರತಕ್ಕೆ ಬಂದದ್ದು 1998ರಲ್ಲಿ, ತಯಾರಾಗ್ತಿದ್ದದ್ದು ದೆಹಲಿ ಪಕ್ಕದ ಸೂರಜ್‌ಪುರದಲ್ಲಿ. ಕೊರಿಯಾದ ಮೂಲ ಕಂಪನಿ 2000ದ ನವೆಂಬರಿನಲ್ಲಿ ದಿವಾಳಿ ಎದ್ದಿತು. ಮುಂದೆ ಜನರಲ್ ಮೋಟರ್ಸ್‌ನವರು ಡೇವೂ ಆಸ್ತಿಗಳಲ್ಲಿ ಬೇಕಾದ್ದನ್ನು ಆರಿಸಿಕೊಂಡರು, ಭಾರತದ ಕಾರ್ಖಾನೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಹೀಗೆ ನಮ್ಮಲ್ಲಿ ಓಡುತ್ತಿದ್ದ ಮ್ಯಾಟಿಜ್‌ಗಳೆಲ್ಲ ತಾಯಿಯಿಲ್ಲದ ಮಕ್ಕಳಾದವು.

ಅಪ್ಪ ಇದನ್ನ ಕೊಂಡದ್ದು 2004ರಲ್ಲಿ, ಸೆಕೆಂಡ್ ಹ್ಯಾಂಡ್. ಆಗಿನ್ನೂ ಊರು ಗುಲಬರ್ಗಾ. 2014ರ ನವೆಂಬರ್ ಒಂದಕ್ಕೆ ಅದು ಕಲಬುರಗಿ ಆಗಿದ್ದು. ವರ್ಗವಾಗಿ ಹೊರಟಿದ್ದ ಒಬ್ಬ ಅಧಿಕಾರಿ ಅಗ್ಗಕ್ಕೆ ಕೊಟ್ಟರಂತೆ. "ಕಂಪನಿ ಮುಚ್ಚೇದ, ಅದಕ್ಕ ಸಸ್ತಾ" ಅಂತ ಖುಷಿಯಿಂದ ಕಮಲಾಪುರಕ್ಕೆ ಓಡಿಸಿಕೊಂಡು ಬಂದರು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಲೆಕ್ಕ ಪಕ್ಕಾ. ಕಂಪನಿ ಇಲ್ಲ ಅಂದ್ರೆ ಮುಂದೆ ಸಾಮಾನು ಸಿಗಲ್ಲ ಅಂತ ಮೊದಲೇ ಯೋಚಿಸಿ, ಮರುವರ್ಷ ಹೈದರಾಬಾದಿಗೆ ಹೋದಾಗ ಒಂದು ಪೆಟ್ಟಿಗೆ ಆಯಿಲ್ ಫಿಲ್ಟರ್ ತಂದಿಟ್ಟರು. ಇಪ್ಪತ್ತು ಫಿಲ್ಟರ್. ವರ್ಷಕ್ಕೊಂದರಂತೆ ಇಪ್ಪತ್ತು ವರ್ಷ. "ಅಷ್ಟರಾಗ ಗಾಡಿನೂ ಮುದಿ ಆಗ್ತದ, ನಾನೂ ಮುದಿ ಆಗ್ತೀನಿ" ಅಂತ ನಗುತ್ತಿದ್ದರು. ಪ್ರತಿ ಸಲ ಎಣ್ಣೆ ಬದಲಿಸಿದ ದಿನ, ಕಿಲೋಮೀಟರು, ಎಣ್ಣೆಯ ಬೆಲೆ, ಎಲ್ಲಾ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ.

ಆದರೆ ಲೆಕ್ಕದಲ್ಲಿ ಒಂದು ಸಂಗತಿ ಸೇರಿರಲಿಲ್ಲ. ಹೋದ ವರ್ಷದಿಂದ ಅವ್ವನಿಗೆ ಡಯಾಲಿಸಿಸ್ ಶುರುವಾಯ್ತು. ವಾರಕ್ಕೆರಡು ಸಲ ಕಮಲಾಪುರದಿಂದ ಕಲಬುರಗಿಗೆ, ಹುಮನಾಬಾದ್ ರಸ್ತೆಯಲ್ಲಿ ಹೋಗಿ ಬರೋದು. ಹೋಗುವಾಗ ಬಸ್ಸಾದರೂ ನಡೀತದೆ. ನಾಲ್ಕು ತಾಸು ಯಂತ್ರಕ್ಕೆ ಕಟ್ಟಿಸಿಕೊಂಡ ಮೇಲೆ ಬರುವಾಗ ಬಸ್ಸಿನಲ್ಲಿ ನಿಂತು ಬರೋಕಾಗ್ತದಾ? ಹೀಗಾಗಿ ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರು ಓಡುತ್ತಿದ್ದ ಗಾಡಿ ಈಗ ಎಂಟು ಸಾವಿರ ಓಡ್ತಾ ಇದೆ. ಪೆಟ್ಟಿಗೆ ಖಾಲಿ ಆಯ್ತು. ಕೊನೆಯ ಫಿಲ್ಟರ್ ಇಂಜಿನ್‌ನಲ್ಲಿದೆ, ಮತ್ತೆ ಬದಲಿಸೋ ಹೊತ್ತು ಬಂದಿದೆ.

ಇಷ್ಟಕ್ಕೂ ಫಿಲ್ಟರ್ ಯಾಕೆ ಅಂತ ನಮ್ಮ ಪಕ್ಕದ ಮನೆಯವರು ಕೇಳಿದರು. "ನಮ್ಮ ಸ್ಪ್ಲೆಂಡರ್‌ಗೆ ಫಿಲ್ಟರೇ ಇಲ್ಲ, ಹದಿನೈದು ವರ್ಷ ಓಡೇದ" ಅಂದರು. ಅವರು ಹೇಳೋದರಲ್ಲಿ ಅರ್ಧ ನಿಜ. ಆ ಬೈಕಿನಲ್ಲಿ ಕಾಗದದ ಫಿಲ್ಟರ್ ಇಲ್ಲ. ಒಂದು ಜಾಲರಿ ಇದೆ, ಜೊತೆಗೆ ಗರಗರ ತಿರುಗಿ ಕಸವನ್ನು ಅಂಚಿಗೆ ಒಗೆಯುವ ಒಂದು ಬಟ್ಟಲಿದೆ. ಅಂದ್ರೆ ಸೋಸೋ ಕೆಲಸ ಅಲ್ಲೂ ಇದೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಕಾರಿನದು ತಿರುಪಿನ ಡಬ್ಬಿ. ಸುತ್ತಲಿನ ಸಣ್ಣ ತೂತುಗಳಿಂದ ಎಣ್ಣೆ ಒಳಗೆ ಹೋಗ್ತದೆ, ಮಡಿಕೆ ಮಡಿಕೆ ಕಾಗದದಲ್ಲಿ ಸೋಸಿ, ನಡುವಿನ ದೊಡ್ಡ ತೂತಿನಿಂದ ಇಂಜಿನ್‌ಗೆ ವಾಪಸ್ ಬರ್ತದೆ. ಕಾಗದ ಕಟ್ಟಿಕೊಂಡರೆ ಎಣ್ಣೆ ನಿಲ್ಲಬಾರದಲ್ಲ, ಅದಕ್ಕೊಂದು ಬೈಪಾಸ್ ವಾಲ್ವ್. ಗಾಡಿ ನಿಂತಾಗ ಡಬ್ಬಿಯ ಎಣ್ಣೆ ಕೆಳಗಿಳಿಯದಂತೆ ತಡೆಯಲು ಒಂದು ರಬ್ಬರಿನ ತಡೆ. ಹೊರಗೆ ಸೋರದಂತೆ ಒಂದು ರಬ್ಬರ್ ಬಳೆ. ನಮ್ಮ ಕಡೆಯ ಧೂಳು ಗೊತ್ತಲ್ಲ ನಿಮಗೆ? ಸಿಮೆಂಟ್ ಲಾರಿ, ತೊಗರಿ ರಾಶಿಯ ಹೊಟ್ಟು, ಮೇ ತಿಂಗಳ ನಲವತ್ತು ದಾಟಿದ ಬಿಸಿಲು... ಇಲ್ಲಿ ಎಣ್ಣೆ ಕರ್ರಗಾಗೋಕೆ ಹೆಚ್ಚು ದಿನ ಬೇಕಿಲ್ಲ.

ಸರಿ, ಒಂದು ಶನಿವಾರ ಅವ್ವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಹುಡುಕೋಕೆ ಹೊರಟೆ. ನಾಲ್ಕು ತಾಸು ಕೈಯಲ್ಲಿದೆ.

ಮೊದಲ ಅಂಗಡಿ ಥಳಥಳ ಹೊಳೀತಿತ್ತು. ಹುಡುಗ ಕಂಪ್ಯೂಟರಿನಲ್ಲಿ ಕಂಪನಿ ಹೆಸರು ಹುಡುಕಿದ. ಪಟ್ಟಿಯಲ್ಲಿ ಡೇವೂನೇ ಇಲ್ಲ. "ಸಾರ್, ಇಂಥಾ ಕಂಪನಿನೇ ಇಲ್ಲ" ಅಂದ. "ಇಲ್ಲ ಅಂತ ನನಗೂ ಗೊತ್ತಪ್ಪಾ, ಕಾರು ಅದ ಅಲ್ಲ!" ಅಂದೆ. ಅವನಿಗೆ ಆ ಮಾತು ಅರ್ಥವಾಗಲಿಲ್ಲ, ಅವನ ತಪ್ಪೂ ಅಲ್ಲ. ಪಟ್ಟಿಯಲ್ಲಿ ಇಲ್ಲದ್ದು ಅವನ ಪಾಲಿಗೆ ಲೋಕದಲ್ಲೇ ಇಲ್ಲ.

ಎರಡನೆಯವರು ಸ್ವಲ್ಪ ತಿಳಿದವರು. "ಇದು ಆಮೇಲೆ ಷೆವರ್ಲೆ ಸ್ಪಾರ್ಕ್ ಆಗಿ ಬಂತಲ್ರೀ" ಅಂದರು. ಹೌದು, 2007ರಲ್ಲಿ ಬಂದಿತ್ತು. ಆದರೆ ಜನರಲ್ ಮೋಟರ್ಸ್‌ನವರೂ 2017ರ ಕೊನೆಗೆ ಇಲ್ಲಿ ಕಾರು ಮಾರೋದನ್ನ ನಿಲ್ಲಿಸಿದರಲ್ಲ! ಸೋದರಮಾವನೂ ಊರು ಬಿಟ್ಟ ಹಾಗಾಯ್ತು. "ಆರ್ಡರ್ ಹಾಕ್ತೀನಿ, ಬಂದಾಗ ಬರ್ತದ" ಅಂದರು.

ಮೂರನೆಯವನು ಕೈಗೆ ಸಿಕ್ಕ ಒಂದು ಡಬ್ಬಿ ಕೌಂಟರ್ ಮೇಲೆ ಇಟ್ಟ. "ಒಯ್ರಿ, ಕೂಡ್ತದ." ಅಳತೆ ಏನು ಅಂದರೆ, "ಎಲ್ಲಾ ಒಂದೇ ರೀ, ತಿರುವ್ರಿ, ಕೂಡ್ತದ." ನನಗೆ ಧೈರ್ಯ ಸಾಲಲಿಲ್ಲ.

ನಾಲ್ಕನೆಯದು ಗಲ್ಲಿಯೊಳಗಿನ ಸಣ್ಣ ಅಂಗಡಿ. ಬೋರ್ಡಿನ ಅಕ್ಷರ ಅರ್ಧ ಅಳಿಸಿದೆ. ಒಳಗೆ ಬಿಳಿ ಗಡ್ಡದ ಚಾಚಾ. ನಾನು ಕಾರಿನ ಹೆಸರು ಹೇಳೋದಕ್ಕೆ ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. "ಹೆಸರು ಬ್ಯಾಡ. ಹಳೇದು ತಂದೀರೇನು?"

ತಂದಿರಲಿಲ್ಲ. "ಹೆಸರು ನೋಡಿ ಕೊಡಾಕ ಇದು ಮದುವಿ ಸಂಬಂಧ ಅಲ್ಲ. ಅಳತಿ ನೋಡಬೇಕು. ಹಳೇದು ತಗೊಂಡ್ ಬರ್ರಿ" ಅಂದರು :)

ಪುಣ್ಯಕ್ಕೆ ಅಪ್ಪ ಏನನ್ನೂ ಬಿಸಾಡುವವರಲ್ಲ. ಹಿಂದಿನ ಸಲ ಬಿಚ್ಚಿದ ಫಿಲ್ಟರ್ ಕೊಟ್ಟಿಗೆಯಲ್ಲಿತ್ತು. ಬುಧವಾರ ಅದನ್ನು ಪೇಪರಿನಲ್ಲಿ ಸುತ್ತಿ ಒಯ್ದೆ. ಚಾಚಾ ಅದನ್ನ ಒರೆಸಿ, ವರ್ನಿಯರ್ ತೆಗೆದರು. ಮೊದಲು ಚೂಡಿ: 20 ಮಿಲಿಮೀಟರು, ಒಂದು ಚೂಡಿಗೂ ಇನ್ನೊಂದಕ್ಕೂ ಒಂದೂವರೆ ಮಿಲಿಮೀಟರು. ಆಮೇಲೆ ರಬ್ಬರ್ ಬಳೆಯ ಒಳಸುತ್ತು, ಹೊರಸುತ್ತು. ಆಮೇಲೆ ಡಬ್ಬಿಯ ಎತ್ತರ, ದಪ್ಪ. ಕೊನೆಗೆ ಒಂದು ಕಡ್ಡಿಯಿಂದ ಒಳಗಿನ ರಬ್ಬರ್ ತಡೆ ಇದೆಯಾ ಅಂತ ಒತ್ತಿ ನೋಡಿದರು. ಕಪಾಟಿನಿಂದ ಒಂದು ಹೊಸ ಡಬ್ಬಿ ತೆಗೆದು ಎಲ್ಲಾ ಅಳತೆ ಮತ್ತೊಮ್ಮೆ ಹೋಲಿಸಿದರು. "ಮಾರುತಿ 800ದು. ಹೊಂದ್ತದ."

ನಾನು ಬೆರಗಾದೆ. ಕಲಬುರಗಿಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗೋ ವಸ್ತುವಿಗೆ ನಾನು ಇಷ್ಟು ಅಲೆದೆನಾ? ಚಾಚಾ ವಿವರಿಸಿದರು: "ಆ ಇಂಜಿನ್ದು ಬೀಜ ಸುಜುಕಿದು ರೀ." ಮನೆಗೆ ಬಂದು ನೋಡಿದೆ, ಮಾತು ಸರಿ. ಡೇವೂದವರು ತಮ್ಮ ಮೊದಲ ಸಣ್ಣ ಕಾರು ಟಿಕೋಗೆ ಸುಜುಕಿಯ ಮೂರು ಸಿಲಿಂಡರಿನ ಇಂಜಿನ್ ತೆಗೆದುಕೊಂಡಿದ್ದರು. ಮ್ಯಾಟಿಜ್‌ನದು ಅದೇ ಬಳ್ಳಿಯದ್ದು. ಎರಡೂ 796 ಸಿಸಿ, ಎರಡಕ್ಕೂ 68.5 ಮಿಲಿಮೀಟರ್ ಬೋರ್, 72 ಮಿಲಿಮೀಟರ್ ಸ್ಟ್ರೋಕ್. ಹೆಸರು ಬೇರೆ, ಊರು ಬೇರೆ, ಹೊಟ್ಟೆ ಒಂದೇ!

ಭಾನುವಾರ ನಾನೇ ಬದಲಿಸಿದೆ. ಮೇಸ್ತ್ರಿ ಯಾಕೆ, ತಿರುಪು ತಾನೇ ಅಂತ. ಹಳೇದನ್ನ ಬಿಚ್ಚಿದೆ, ಹೊಸದರ ಬಳೆಗೆ ಎಣ್ಣೆ ಸವರಿದೆ, ಕೈಯಿಂದ ಬಿಗಿ ಮಾಡಿದೆ. ಗಾಡಿ ಚಾಲೂ ಮಾಡಿ ಕೆಳಗೆ ನೋಡಿದೆ, ಒಂದು ಹನಿ ಇಲ್ಲ. ಅಪ್ಪನ ನೋಟ್‌ಬುಕ್ಕಿನಲ್ಲಿ ಮೊದಲ ಸಲ ನನ್ನ ಅಕ್ಷರದಲ್ಲಿ ಬರೆದೆ. ಭಾರಿ ಹೆಮ್ಮೆ.

ಬುಧವಾರ ಸಂಜೆ ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ವಾಪಸ್ ಬರ್ತಿದ್ದೆ. ಮಹಾಗಾಂವ್ ಕ್ರಾಸ್ ದಾಟಿದ ಸ್ವಲ್ಪ ಹೊತ್ತಿಗೆ ಎಣ್ಣೆಯ ಕೆಂಪು ದೀಪ ಹತ್ತಿತು. ಅಪ್ಪ ಹೇಳಿಕೊಟ್ಟ ಪಾಠ ಒಂದೇ: ಆ ದೀಪ ಹತ್ತಿದರೆ ಊರು ಎಷ್ಟು ದೂರ ಅಂತ ನೋಡಬೇಡ, ಇಂಜಿನ್ ಆರಿಸು. ಆರಿಸಿದೆ. ಇಳಿದು ನೋಡಿದರೆ ರಸ್ತೆಯ ಮೇಲೆ ಕರಿ ಗೆರೆ. ಎಣ್ಣೆಯೆಲ್ಲ ಹೊರಗೆ.

ಕತ್ತಲಾಗ್ತಿತ್ತು. ಅವ್ವ "ಏನಾತೋ?" ಅಂತ ಕೇಳಿದಳು, ಧ್ವನಿಯಲ್ಲಿ ತ್ರಾಣವಿಲ್ಲ. "ಏನಿಲ್ಲವ್ವಾ" ಅಂದೆ. ಆ ಅರ್ಧ ತಾಸು ಹೇಗೆ ಕಳೆದೆ ಅಂತ ಬರೆಯೋಕೆ ಮನಸ್ಸಿಲ್ಲ. ಗುರುತಿನವರೊಬ್ಬರು ತಮ್ಮ ಗಾಡಿಯಲ್ಲಿ ಅವ್ವನನ್ನು ಮನೆ ಮುಟ್ಟಿಸಿದರು. ನಾನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಕಾರನ್ನು ಎಳೆಸಿಕೊಂಡು ಬಂದೆ. ದಾರಿಯುದ್ದಕ್ಕೂ ಚಾಚಾನಿಗೆ ಬೈದೆ. ದೊಡ್ಡ ವರ್ನಿಯರ್ ಹಿಡ್ಕೊಂಡು ಕೂತಾನ, ಮಾರುತಿದು ತಂದು ಮ್ಯಾಟಿಜ್‌ಗೆ ಹಚ್ಚಿಸಿದ ಅಂತ.

ಮರುದಿನ ಕಮಲಾಪುರದ ನಮ್ಮ ಮೇಸ್ತ್ರಿ ಗಾಡಿ ಕೆಳಗೆ ಮಲಗಿ ಫಿಲ್ಟರ್ ಬಿಚ್ಚಿದ. ಎದ್ದು ಬಂದು ನನ್ನ ಕೈಯಲ್ಲಿ ಎರಡು ರಬ್ಬರ್ ಬಳೆ ಇಟ್ಟ. ಒಂದು ಹೊಸದು, ಮೆತ್ತಗಿತ್ತು. ಇನ್ನೊಂದು ಹಳೇದು, ಒಣಗಿದ ರೊಟ್ಟಿಯ ಹಾಗೆ ಬಿರುಸು.

ನಿಮಗೆ ಅರ್ಥವಾಯ್ತಲ್ಲ? ನಾನು ಬಿಚ್ಚಿದ ಫಿಲ್ಟರ್‌ನ ಬಳೆ ಇಂಜಿನ್‌ಗೇ ಅಂಟಿಕೊಂಡಿತ್ತು. ಅದನ್ನು ನೋಡದೆ ಅದರ ಮೇಲೆ ಹೊಸದನ್ನು ಕೂಡಿಸಿದ್ದೆ. ಬಳೆಯ ಮೇಲೆ ಬಳೆ. ಮೊದಲು ಹಿಡಿದುಕೊಂಡಿತು, ಬಿಸಿಯಾಗಿ ಒತ್ತಡ ಏರಿದಾಗ ಜಾರಿ ಹೊರಬಂತು. ಯಾಕೆ ಅಂಟಿತು? ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ರಬ್ಬರ್ ಅದು! ಅಪ್ಪ ಮುಂದಾಲೋಚನೆಯಿಂದ ಕೂಡಿಟ್ಟದ್ದೇ ಕೈ ಕೊಟ್ಟಿತು. ಚಾಚಾ ಕೊಟ್ಟದ್ದು ಸರಿಯಾಗೇ ಇತ್ತು. ಮೇಸ್ತ್ರಿ ಅದೇ ಅಳತೆಯ ಹೊಸದೊಂದನ್ನು ಹಾಕಿದ, ಎಣ್ಣೆ ತುಂಬಿದ. ಬೇಗ ಆರಿಸಿದ್ದರಿಂದ ಇಂಜಿನ್ ಉಳಿಯಿತು. ಅವತ್ತಿನಿಂದ ಒಂದು ಹನಿಯೂ ಬಿದ್ದಿಲ್ಲ.

ಮುಂದಿನ ಶನಿವಾರ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಡಜನ್ ತಗೊಂಡು ಚಾಚಾನ ಅಂಗಡಿಗೆ ಹೋದೆ. (ನಮ್ಮೂರಿನ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ ಅನ್ನೋದನ್ನ ಇಲ್ಲಿ ಹೇಳದೆ ಬಿಟ್ಟರೆ ಊರಿನವರು ನನ್ನನ್ನ ಬಿಡಲ್ಲ.) ನಡೆದದ್ದೆಲ್ಲ ಹೇಳಿ, "ನಿಮಗ ಬೈದೀನಿ, ತಪ್ಪಾತು" ಅಂದೆ. ಅವರು ನಕ್ಕು, "ಬೈಸ್ಕೊಳ್ಳಾಕೇ ಅಂಗಡಿ ಹಾಕೀನಿ. ಆದ್ರ ಹಳೇ ವಾಶರ್ ತೆಗೀರಿ ಅಂತ ನಾ ಹೇಳಬೇಕಿತ್ತು" ಅಂದರು.

ಇದು ಕತೆ. ಈಗ ನನ್ನ ವಾದ.

ಹಳೆ ಗಾಡಿಯ ಸಾಮಾನು ಸಿಗಲ್ಲ ಅಂತ ನಾವು ಅಂತೀವಿ. ನನಗನಿಸೋದು, ಸಾಮಾನು ಇದೆ, ಸಿಗದೇ ಇರೋದು ಅಳತೆ. ನನ್ನ ಫಿಲ್ಟರ್ ನಾನು ತಿರುಗಿದ ಮೂರೂ ಅಂಗಡಿಯ ಕಪಾಟಿನಲ್ಲೇ ಇದ್ದಿರಬೇಕು, ಮಾರುತಿ 800 ಅನ್ನೋ ಹೆಸರಿನಲ್ಲಿ. ಎರಡೂ ಒಂದೇ ಅಂತ ಹೇಳುವ ಒಂದು ಸಾಲು ಎಲ್ಲೂ ಇರಲಿಲ್ಲ. ಆ ಸಾಲು ಇದ್ದದ್ದು ಒಬ್ಬ ಮುದುಕರ ಕೈಯಲ್ಲಿ. ಅವರ ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನಂತೆ. ಅವರು ಅಂಗಡಿ ಮುಚ್ಚಿದ ದಿನ ಆ ಸಾಲೂ ಅಳಿಸಿ ಹೋಗ್ತದೆ.

ಹೀಗಾಗೋದು ಮ್ಯಾಟಿಜ್ ಒಂದಕ್ಕೇ ಅಲ್ಲ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಅದೇ ವರ್ಷ ಮಾರುತಿ 800 ಕೂಡ. ಫೋರ್ಡ್‌ನವರು ಇಲ್ಲಿ ಕಾರು ತಯಾರಿಸೋದನ್ನ ನಿಲ್ಲಿಸ್ತೀವಿ ಅಂತ 2021ರ ಸೆಪ್ಟೆಂಬರಿನಲ್ಲಿ ಹೇಳಿದರು. ಕೆಲವರು ಹೋಗುವಾಗ ಬಿಡಿಭಾಗ ಕೊಡ್ತೀವಿ, ಸರ್ವಿಸ್ ಮಾಡ್ತೀವಿ ಅಂತ ಮಾತು ಕೊಟ್ಟು ಹೋಗ್ತಾರೆ. ಒಳ್ಳೆಯದೇ. ಡೇವೂದಂತೆ ಮುಳುಗಿದವರು ಏನು ಮಾತು ಕೊಡ್ತಾರೆ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ, ನಾಲ್ಕೂ ಅದರಲ್ಲಿವೆ. ಹೆಜ್ಜೆ ಸರಿಯಾದದ್ದು. ಆದರೆ ಅಲ್ಲಿ ಮಾಹಿತಿ ಕೊಡಬೇಕಾದವರು ಅಂಗಡಿ ತೆರೆದಿಟ್ಟ ಕಂಪನಿಗಳು. ಬಾಗಿಲು ಹಾಕಿದವರ ಪರವಾಗಿ ಕೊಡೋರು ಯಾರು?

ನನ್ನ ಕೇಳಿಕೆ ದೊಡ್ಡದಲ್ಲ. ಕಂಪನಿಯೊಂದು ಬಾಗಿಲು ಹಾಕುವಾಗ ಸಾಲಗಾರರಿಗೆ, ಕಾರ್ಮಿಕರಿಗೆ, ಬ್ಯಾಂಕಿಗೆ ಏನು ಕೊಡಬೇಕು ಅಂತ ಲೆಕ್ಕ ಹಾಕ್ತಾರಲ್ಲ, ಗಾಡಿ ಕೊಂಡವನಿಗೆ ಅಳತೆಯ ಪಟ್ಟಿಯನ್ನಾದರೂ ಬಿಟ್ಟು ಹೋಗಲಿ. ಚೂಡಿ ಎಷ್ಟು, ಬಳೆಯ ಸುತ್ತು ಎಷ್ಟು, ವಾಲ್ವ್ ಯಾವ ಒತ್ತಡಕ್ಕೆ ತೆರೆಯಬೇಕು. ಇದರಲ್ಲಿ ಗುಟ್ಟು ಏನಿದೆ? ಬಿಚ್ಚಿ ನೋಡಿದರೆ ಬಹುಪಾಲು ಕಾಣೋದೇ.

ಇದಕ್ಕೆ ಎದುರು ಮಾತೂ ಇದೆ, ನನ್ನ ತಮ್ಮನೇ ಹೇಳ್ತಾನೆ. "ಹಳೇ ಗಾಡಿ ಹೊಗಿ ಬಿಡ್ತದ, ಗುಜರಿಗೆ ಹಾಕು." ಅವನ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಯ ಮುಂದೆ ನಮ್ಮದು ಹೊಗೆಯ ವಿಷಯದಲ್ಲಿ ಸೋಲುತ್ತದೆ. ಸರ್ಕಾರವೂ ಅದನ್ನೇ ಹೇಳ್ತಾ ಇದೆ, ಶುಲ್ಕದ ಭಾಷೆಯಲ್ಲಿ. 2021ರಲ್ಲಿ ನೋಂದಣಿ ನವೀಕರಿಸಿದಾಗ ಶುಲ್ಕ 600 ರೂಪಾಯಿ. 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಕಾರಿಗೆ 5,000 ಆಯ್ತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000 ಮಾಡಿದರು. ನಮ್ಮದರ ಐದು ವರ್ಷದ ಗಡುವು 2026ಕ್ಕೆ ಮುಗಿಯುತ್ತೆ. ಹತ್ತು ಸಾವಿರ ಕಟ್ಟಬೇಕಾ, ಗುಜರಿಗೆ ಕೊಡಬೇಕಾ ಅಂತ ಮನೆಯಲ್ಲಿ ಮಾತು ನಡೆದೇ ಇತ್ತು. ಮಹಾಗಾಂವ್ ಹತ್ತಿರ ನಿಂತ ಆ ರಾತ್ರಿ ಗುಜರಿಯೇ ಸರಿ ಅನ್ನಿಸಿತ್ತು.

ಆದರೆ ಯೋಚನೆ ಮಾಡಿ. ಆ ಹತ್ತು ಸಾವಿರಕ್ಕೆ ಹೊಸ ಕಾರಿನ ಒಂದೆರಡು ಕಂತೂ ಆಗೋದು ಕಷ್ಟ. ಹೊಗೆ ತಪಾಸಣೆಯಲ್ಲಿ ಗಾಡಿ ಪಾಸಾಗ್ತಿದೆ. ವಾರಕ್ಕೆರಡು ಸಲ ಓಡೋ ಗಾಡಿ. ಗಾಡಿ ಹೊಗೆ ಬಿಡೋದು ವಯಸ್ಸಿನಿಂದ ಮಾತ್ರ ಅಲ್ಲ, ಸರಿಯಾದ ಸಾಮಾನು ಸಿಗದೆ ಸಿಕ್ಕದ್ದನ್ನು ತಿರುವಿ ಓಡಿಸೋದರಿಂದಲೂ ಹೌದು. ಕೊಳೆತ ಎಣ್ಣೆಯಲ್ಲಿ ಸವೆದ ಇಂಜಿನ್ ಎಣ್ಣೆಯನ್ನೇ ಸುಡುತ್ತದೆ. ಹೊಗೆ ಕಡಿಮೆ ಆಗಲಿ ಅನ್ನೋರು ಮೊದಲು ಸರಿಯಾದ ಫಿಲ್ಟರ್ ಸಿಗೋ ಹಾಗೆ ಮಾಡಬೇಕಲ್ವಾ? ದಿಲ್ಲಿಯಂಥ ಊರಿನ ಲೆಕ್ಕವನ್ನ ಕಮಲಾಪುರದ ಮೇಲೆ ಹಾಗೇ ಹೊರಿಸಿದರೆ ಹೇಗೆ?

ಇನ್ನೊಂದು ಮಾತು, ಇದು ನಮಗೇ. ಕೂಡೋದು ಬೇರೆ, ಹೊಂದೋದು ಬೇರೆ. ಮೂರನೆಯ ಅಂಗಡಿಯವನ ಡಬ್ಬಿಯೂ ಬಹುಶಃ ಕೂಡುತ್ತಿತ್ತು. ತಿರುಪು ಒಂದಾದರೆ ಯಾವುದಾದರೂ ಕೂಡುತ್ತದೆ. ಬಳೆ ಸರಿಯಾದ ಜಾಗದಲ್ಲಿ ಕೂಡಬೇಕು, ಒಳಗಿನ ವಾಲ್ವ್ ಇಂಜಿನ್ ಕೇಳಿದ್ದಕ್ಕೆ ತಕ್ಕಂತಿರಬೇಕು, ಆಗ ಹೊಂದಿತು ಅನ್ನಬೇಕು. ಮತ್ತೆ ಬಿಚ್ಚಿದ ಮೇಲೆ ಇಂಜಿನ್ ಮೇಲೆ ಬೆರಳಾಡಿಸಿ ನೋಡಬೇಕು, ಹಳೇ ಬಳೆ ಅಲ್ಲೇ ಉಳಿದಿದೆಯಾ ಅಂತ. ಇದನ್ನ ನಾನು ಒಂದು ಡಬ್ಬಿ ಎಣ್ಣೆ ಮತ್ತು ಅವ್ವನ ಅರ್ಧ ತಾಸು ಕೊಟ್ಟು ಕಲಿತದ್ದು. ನೀವು ಪುಕ್ಕಟೆ ಕಲಿಯಿರಿ.

ಅಪ್ಪ ಈಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಳತೆಗಳನ್ನೆಲ್ಲ ಬರೆದಿದ್ದಾರೆ. ಚಾಚಾ ಹೇಳಿದ್ದು, ಮೇಸ್ತ್ರಿ ಹೇಳಿದ್ದು ಎರಡೂ. ಕೆಳಗೆ ಗೆರೆ ಎಳೆದು "ಕೂಡಿಡಬಾರದು, ಬರೆದಿಡಬೇಕು" ಅಂತ ಬರೆದಿದ್ದಾರೆ. ಫಿಲ್ಟರ್ ತುಂಬಿದ್ದ ಆ ಖಾಲಿ ಪೆಟ್ಟಿಗೆಯಲ್ಲಿ ಈಗ ಅವ್ವನ ಔಷಧಿ ಚೀಟಿಗಳಿವೆ. ಹತ್ತು ಸಾವಿರ ಕಟ್ಟೋದು ಅಂತ ತೀರ್ಮಾನ ಆಗಿದೆ.

ನಿಮ್ಮ ಮನೆಯಲ್ಲೂ ಇಂಥ ತಬ್ಬಲಿ ಗಾಡಿ ಇದ್ದರೆ, ಯಾವುದಕ್ಕೆ ಯಾವುದು ಹೊಂದುತ್ತೆ ಅಂತ ಗೊತ್ತಿದ್ದರೆ, ನೀವೂ ಬರೆದಿಡಿ. ಅಳತೆ ಸಮೇತ. ಎಲ್ಲೋ ಒಬ್ಬ ಸಂಜೆ ಹೊತ್ತಲ್ಲಿ ಹುಡುಕ್ತಾ ಇರ್ತಾನೆ. ನಾಳೆ ಬುಧವಾರ, ನಾನು ಬೆಳಿಗ್ಗೆ ಎಣ್ಣೆಯ ಕಡ್ಡಿ ನೋಡಬೇಕು. ಬರ್ಲಾ?